ಉಡುಪು ಉಳಿಯಿತು, ನುಡಿ ಹೋಯಿತು!



ನಾನು ತಿಪಟೂರು ಕಡೆಯವನು. ಹೊಟ್ಟೆಪಾಡಿಗೆಂದು ಜರ್ಮನಿಯ ಮ್ಯೂನಿಕ್ ನಗರಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಪರದೇಶದಲ್ಲಿ ಬೆಚ್ಚಗೆ ಕೂತು ತಾಯ್ನಾಡಿಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೂ ಆಗದು. ಆದ್ದರಿಂದ ಇದು ಬುದ್ಧಿವಾದವಲ್ಲ. ಇಲ್ಲಿ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಕೊನೆಗೆ ನನ್ನ ಮನೆಯೊಳಗೇ ನಾನು ಸೋತದ್ದು, ಇಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಬಂದ ಮೊದಲ ವರ್ಷದ ಮಾತು. ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ನೆಲದಡಿಯ ರೈಲಿನಲ್ಲಿ ಕೆಲಸಕ್ಕೆ ಹೊರಟಿದ್ದೆ. ಎದುರಿಗೆ ಕೂತಿದ್ದವರು ನಮ್ಮ ವಿಭಾಗದ ಮುಖ್ಯಸ್ಥರು. ದಿನಾ ಬೂದು ಕೋಟು ತೊಟ್ಟು ಬರುತ್ತಿದ್ದ ಆ ಮನುಷ್ಯ ಅಂದು ಮೊಳಕಾಲಿನವರೆಗಿನ ಚರ್ಮದ ಚಡ್ಡಿ, ಅದಕ್ಕೆ ಕಸೂತಿ ಹಾಕಿದ ಎದೆಪಟ್ಟಿ, ಚೌಕುಳಿ ಅಂಗಿ, ದಪ್ಪ ಉಣ್ಣೆಯ ಕಾಲುಚೀಲ ತೊಟ್ಟು ಗಂಭೀರವಾಗಿ ಪತ್ರಿಕೆ ಓದುತ್ತಿದ್ದಾರೆ! ನನಗೆ ಒಳಗೊಳಗೇ ನಗು. ನಮ್ಮೂರ ಜಾತ್ರೆಯಲ್ಲಿ ನಾಟಕದ ಭೀಮ ಬಣ್ಣ ಅಳಿಸದೆ ಬೆಳಗಿನ ಬಸ್ಸು ಹತ್ತಿದ ಹಾಗೆ ಕಂಡಿತು. ಸುತ್ತ ನೋಡಿದೆ. ಯಾರೂ ನಗುತ್ತಿಲ್ಲ. ನಗುವುದು ಹೇಗೆ? ಡಬ್ಬಿಯ ಅರ್ಧ ಜನ ಅದೇ ವೇಷದಲ್ಲಿದ್ದರು! ಬ್ಯಾಂಕಿನ ಗುಮಾಸ್ತ, ಶಿಶುವಿಹಾರದ ಮೇಡಂ, ಕಾಲೇಜು ಹುಡುಗ, ಎಪ್ಪತ್ತರ ಅಜ್ಜ.

ಅದು ಆಕ್ಟೋಬರ್‌ಫೆಸ್ಟ್ ಆರಂಭದ ದಿನಗಳು. 1810ರ ಅಕ್ಟೋಬರ್ 12ರಂದು ಇಲ್ಲಿನ ಯುವರಾಜ ಲುಡ್ವಿಗ್‌ನ ಮದುವೆಯಾಯಿತು. ಆ ಸಂಭ್ರಮಕ್ಕೆ ಊರಾಚೆಯ ಹುಲ್ಲುಗಾವಲಿನಲ್ಲಿ ಕುದುರೆ ಪಂದ್ಯ ನಡೆಸಿದರು. ಆ ಬಯಲಿಗೆ ಮದುಮಗಳು ತೆರೇಸಾಳ ಹೆಸರನ್ನೇ ಇಟ್ಟರು. ಅದೇ ಇಂದು ಎರಡು ವಾರಕ್ಕೂ ಮಿಕ್ಕಿ ನಡೆಯುವ ಮಹಾ ಜಾತ್ರೆ. 2023ರಲ್ಲಿ ಸುಮಾರು 72 ಲಕ್ಷ ಜನ ಬಂದರು. ಜಾತ್ರೆ ಎಂದರೆ ಬರೀ ಬಿಯರ್ ಕುಡಿಯುವುದು ಎಂದು ಹೊರಗಿನವರು ತಿಳಿದಿದ್ದಾರೆ. ಕುಡಿಯುತ್ತಾರೆ, ಸುಳ್ಳೇನಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಆ ಉಡುಪು.

ಮಧ್ಯಾಹ್ನ ಊಟದ ಹೊತ್ತಿಗೆ ಮುಖ್ಯಸ್ಥರು ನನ್ನನ್ನು ಕೇಳಿದರು: "ನಿಮ್ಮ ಸೀಮೆಯ ಉಡುಪು ಯಾವುದು? ನೀವು ಅದನ್ನು ಯಾವಾಗ ತೊಡುತ್ತೀರಿ?"

ಮೈಮೇಲಿದ್ದದ್ದು ಜೀನ್ಸು. ಪಂಚೆ, ಶಲ್ಯ, ಮೈಸೂರು ಪೇಟ ಎಲ್ಲ ಬಾಯಿಗೆ ಬಂತು. ಯಾವಾಗ ತೊಡುತ್ತೀರಿ ಎಂಬುದಕ್ಕೆ ಉತ್ತರ ಬರಲಿಲ್ಲ. ಪಂಚೆ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಮನೆಯೊಳಗೆ ಉಟ್ಟುಕೊಂಡಾಗ ಬಾಗಿಲು ಬಡಿದರೆ ಓಡಿಹೋಗಿ ಪ್ಯಾಂಟು ಏರಿಸುವವನು ನಾನು!

ಮೇಷ್ಟ್ರೊಬ್ಬರು ಮಾಡಿದ ಕೆಲಸ

ಇವರಿಗೆ ಈ ಅಭಿಮಾನ ಹುಟ್ಟುಗುಣ ಎಂದು ಕೆಲವು ಕಾಲ ಅಂದುಕೊಂಡಿದ್ದೆ. ಅದು ತಪ್ಪು. ಇವರೂ ನಮ್ಮಂತೆಯೇ ನಾಚಿಕೊಂಡವರು. ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟಣದ ಗಾಳಿ ಬೀಸಿದಾಗ ಬೆಟ್ಟದ ಹಳ್ಳಿಗಳಲ್ಲೂ ಈ ಉಡುಪು ಮೂಲೆ ಸೇರಿತ್ತು. ಆಗ 1883ರಲ್ಲಿ ಬೈರಿಷ್‌ತ್ಸೆಲ್ ಎಂಬ ಹಳ್ಳಿಯ ಶಾಲಾ ಮೇಷ್ಟ್ರು ಯೋಸೆಫ್ ಫೋಗಲ್ ಎಂಬವರು ಕೆಲವರನ್ನು ಕಟ್ಟಿಕೊಂಡು ಉಡುಪನ್ನು ಉಳಿಸುವುದಕ್ಕೇ ಒಂದು ಸಂಘ ಮಾಡಿದರು. ಅರಸರ ಬೆಂಬಲವೂ ದೊರೆಯಿತು. ಇಂದು ಬವೇರಿಯಾದ ಹಳ್ಳಿಹಳ್ಳಿಯಲ್ಲಿ ಅಂಥ ಸಂಘಗಳಿವೆ.

ಅಷ್ಟಾದರೂ ಮ್ಯೂನಿಕ್ ಪಟ್ಟಣದವರು ಸುಲಭಕ್ಕೆ ಬಗ್ಗಲಿಲ್ಲ. 1970, 80ರ ದಶಕದಲ್ಲಿ ಇದೇ ಜಾತ್ರೆಗೆ ಯುವಕರು ಜೀನ್ಸು ತೊಟ್ಟೇ ಹೋಗುತ್ತಿದ್ದರೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. 2000ದ ಈಚೆಗೆ ಗಾಳಿ ತಿರುಗಿತು. ಈಗ ಜೀನ್ಸು ತೊಟ್ಟವನೇ ಪರಕೀಯ! ಇದರಲ್ಲೂ ಒಂದು ತಮಾಷೆಯಿದೆ. ಜಗತ್ತಿಗೆಲ್ಲ ಜೀನ್ಸು ತೊಡಿಸಿದ ಲೀವೈ ಸ್ಟ್ರಾಸ್ ಹುಟ್ಟಿದ್ದು ಇದೇ ಬವೇರಿಯಾದ ಬುಟ್ಟೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ, 1829ರಲ್ಲಿ. ತಮ್ಮ ಉಡುಪನ್ನು ಮೂಲೆಗೆ ತಳ್ಳಿದ ಬಟ್ಟೆಯೂ ತಮ್ಮೂರಿನವನದೇ! ಹಾಗೆಂದು ಯಾರೂ ಜೀನ್ಸು ಸುಡುವುದಿಲ್ಲ. ಕೆಲಸಕ್ಕೆ ಜೀನ್ಸು, ಹಬ್ಬಕ್ಕೆ ಚರ್ಮದ ಚಡ್ಡಿ. ಒಳ್ಳೆಯ ಜಿಂಕೆ ಚರ್ಮದ್ದಾದರೆ ನೂರಾರು ಯೂರೋ ಬೆಲೆ. ಅಪ್ಪನದನ್ನು ಮಗ ತೊಡುತ್ತಾನೆ. ಹಳತಾದಷ್ಟೂ ಗೌರವ.

ಹೆಣ್ಣುಮಕ್ಕಳ ಉಡುಪಿಗೆ ಡಿರ್ನ್‌ಡಲ್ ಎಂದು ಹೆಸರು. ಇಲ್ಲಿನ ನುಡಿಯಲ್ಲಿ ಆ ಮಾತಿಗೆ ಹುಡುಗಿ ಎಂದೇ ಅರ್ಥ. ನೆರಿಗೆಯ ಲಂಗ, ಬಿಗಿಯಾದ ರವಿಕೆ, ಮೇಲೊಂದು ಮುಂಗಚ್ಚು ಬಟ್ಟೆ. ಅದರ ಗಂಟು ಎಡಕ್ಕಿದ್ದರೆ ಮದುವೆಯಾಗಿಲ್ಲ, ಬಲಕ್ಕಿದ್ದರೆ ಜೊತೆಗಾರನಿದ್ದಾನೆ ಎಂದು ಲೆಕ್ಕ. ನಮ್ಮಲ್ಲಿ ಕಾಲುಂಗುರ ನೋಡಿ ತಿಳಿಯುವಂತೆ, ಇವರದು ಗಂಟು ನೋಡಿ ತಿಳಿಯುವ ಲೋಕ.

ಅಭಿಮಾನಕ್ಕೂ ಒಂದು ಎಚ್ಚರ ಬೇಕು

ಈ ಡಿರ್ನ್‌ಡಲ್ಲಿನ ಕತೆಯನ್ನು ಕನ್ನಡಿಗರು ತಿಳಿಯಬೇಕು. ಹಳ್ಳಿ ಹೆಂಗಸರ ಈ ಉಡುಪನ್ನು ಪಟ್ಟಣದವರು ಆಸೆಪಟ್ಟು ತೊಡುವಂತೆ ಮಾಡಿದವರಲ್ಲಿ ಮುಖ್ಯರು ಯೂಲಿಯಸ್ ಮತ್ತು ಮೋರಿಟ್ಸ್ ವಾಲಾಖ್ ಎಂಬ ಯಹೂದಿ ಅಣ್ಣತಮ್ಮಂದಿರು. ಅವರು ಬವೇರಿಯಾದವರೂ ಅಲ್ಲ, ಉತ್ತರದ ಬೀಲೆಫೆಲ್ಡ್ ಕಡೆಯಿಂದ ಬಂದವರು. ಮ್ಯೂನಿಕ್‌ನಲ್ಲಿ ಅಂಗಡಿ ತೆರೆದು ಹಳ್ಳಿಯ ಕಲೆಯನ್ನು ಪ್ರೀತಿಯಿಂದ ಕೂಡಿಸಿದರು. 1910ರಲ್ಲಿ ಜಾತ್ರೆಗೆ ನೂರು ತುಂಬಿದಾಗ ಮೆರವಣಿಗೆಗೆ ಉಡುಪು ಒದಗಿಸಿದವರು ಇವರೇ.

ಆಮೇಲೇನಾಯಿತು? ನಾಜಿಗಳು ಬಂದರು. 1938ರಲ್ಲಿ ವಾಲಾಖ್ ಅವರ ಅಂಗಡಿ ಅವರ ಕೈತಪ್ಪಿತು. ಮೋರಿಟ್ಸ್ ಅಮೆರಿಕಕ್ಕೆ ಹೋಗಿ ಜೀವ ಉಳಿಸಿಕೊಂಡರು. ಪಕ್ಕದ ಸಾಲ್ಸ್‌ಬರ್ಗ್‌ನಲ್ಲಿ ಅದೇ ವರ್ಷ ಯಹೂದಿಗಳು ಈ ಬೆಟ್ಟನಾಡಿನ ಉಡುಪು ತೊಡಕೂಡದು ಎಂದು ಪೊಲೀಸರು ಅಪ್ಪಣೆ ಹೊರಡಿಸಿದರು. ಉಡುಪಿಗೆ ಮರುಹುಟ್ಟು ಕೊಟ್ಟವರಿಗೇ ಆ ಉಡುಪು ನಿಷಿದ್ಧ! ಸ್ವಾಮಿ, ನಾಡಿನ ಪ್ರೀತಿ ಎಂಬುದು ಪಕ್ಕದವನ ಹುಟ್ಟು ಕೇಳಲು ಶುರುಮಾಡಿದ ದಿನ ಅದು ಪ್ರೀತಿಯಾಗಿ ಉಳಿಯುವುದಿಲ್ಲ.

ನಾವು ಈ ಮಾತನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. 1843ರಲ್ಲಿ 'ಮಂಗಳೂರು ಸಮಾಚಾರ' ತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟ ಕಿಟೆಲ್ ಜರ್ಮನಿಯವರು. ಆ ಕಿಟೆಲ್ ಕೊನೆಯುಸಿರೆಳೆದ ಟ್ಯೂಬಿಂಗನ್ ಪಟ್ಟಣ ನಾನಿರುವ ಊರಿನಿಂದ ಕೆಲವೇ ಗಂಟೆಗಳ ದಾರಿ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಕನ್ನಡ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ಜಾತಕ ಕೇಳಲಿಲ್ಲ, ಅದಕ್ಕೇ ಬೆಳೆಯಿತು. ಇಲ್ಲಿ ಬಂದು ನೆಲೆಸಿದವನು ಕನ್ನಡ ಕಲಿಯಲಿ ಎಂದು ಹಟ ಹಿಡಿಯೋಣ, ಅದು ನ್ಯಾಯ. ಕಲಿತು ಬಂದವನನ್ನು ನಮ್ಮವನೆಂದು ಅಪ್ಪಿಕೊಳ್ಳುವುದೂ ಅಷ್ಟೇ ನ್ಯಾಯ.

ತುತ್ತೂರಿಯ ಸದ್ದು

ಇನ್ನು ಸಂಗೀತ. ಯೂರೋಪು ಎಂದರೆ ಮೊಜಾರ್ಟ್, ಬೀಥೋವನ್ ಎಂದು ನಾವು ಓದಿದ್ದೇವೆ. ಆ ಸಂಗೀತಕ್ಕೂ ಹೋದೆ. ಒಂದು ಭಾಗ ಮುಗಿದೊಡನೆ ರಾಮನವಮಿ ಕಛೇರಿಯ ಅಭ್ಯಾಸದಂತೆ ಚಪ್ಪಾಳೆ ತಟ್ಟಿದೆ. ಇಡೀ ಸಭಾಂಗಣದಲ್ಲಿ ತಟ್ಟಿದವನು ನಾನೊಬ್ಬನೇ! ನಾಲ್ಕು ಭಾಗವೂ ಮುಗಿಯುವ ತನಕ ಇಲ್ಲಿ ಕೆಮ್ಮುವುದಕ್ಕೂ ಜನ ಕಾಯುತ್ತಾರೆ. ತೊಡೆ ತಟ್ಟಿ ತಾಳ ಹಾಕುವ, ಭಲೇ ಎಂದು ತಲೆದೂಗುವ ನಮಗೆ ಅದು ಕಠಿಣ ವ್ರತ.

ಆದರೆ ಹಳ್ಳಿಯ ಸಂಗೀತವೇ ಬೇರೆ. ಮೇ ಒಂದನೇ ತಾರೀಖು ಊರ ಮಧ್ಯೆ ನೀಲಿ ಬಿಳಿ ಬಣ್ಣ ಬಳಿದ ಎತ್ತರದ ಕಂಬ ನೆಡುತ್ತಾರೆ. ಅದಕ್ಕೆ ಮುಂಚೆ ಪಕ್ಕದ ಊರಿನ ಹುಡುಗರು ರಾತ್ರೋರಾತ್ರಿ ಆ ಕಂಬ ಕದಿಯಬಹುದು. ಕದ್ದರೆ ಬಿಯರ್, ಊಟ ಕೊಟ್ಟು ಬಿಡಿಸಿಕೊಳ್ಳಬೇಕು. ಪೊಲೀಸರ ಬಳಿ ಹೋಗುವಂತಿಲ್ಲ, ಹೋದರೆ ಮಾನ ಹೋಯಿತು! ಕಂಬ ಏರುವಾಗ ಊರಿನ ಹಿತ್ತಾಳೆ ವಾದ್ಯದ ಮೇಳ ಬಾರಿಸುತ್ತದೆ. ಬಾರಿಸುವವರು ಯಾರು? ಅಂಚೆಯವನು, ರೊಟ್ಟಿ ಅಂಗಡಿಯವನು, ಶಾಲೆಗೆ ಹೋಗುವ ಹುಡುಗಿ. ದುಡ್ಡಿಗಲ್ಲ, ಊರಿಗಾಗಿ.

ಈ ತುತ್ತೂರಿಯನ್ನು ಮುದುಕರದೆಂದು ಹಳಿಯುತ್ತಿದ್ದ ಕಾಲದಲ್ಲಿ, 2007ರಲ್ಲಿ, ಲಾಬ್ರಾಸ್‌ಬಾಂಡಾ ಎಂಬ ಯುವಕರ ತಂಡ ಹುಟ್ಟಿತು. ಅದೇ ಹಿತ್ತಾಳೆ ವಾದ್ಯ, ಅದೇ ಹಳ್ಳಿಯ ಬವೇರಿಯನ್ ಮಾತು, ಆದರೆ ಇಂದಿನ ಕುಣಿತದ ವೇಗ. 2013ರಲ್ಲಿ ಯೂರೋವಿಷನ್ ಎಂಬ ಯೂರೋಪಿನ ದೊಡ್ಡ ಗಾಯನ ಸ್ಪರ್ಧೆಗೆ ಜರ್ಮನಿಯ ಹಾಡು ಆರಿಸುವಾಗ ಈ ತಂಡ ತನ್ನ ಆಡುಮಾತಿನ ಹಾಡು ಹಾಡಿ ಎರಡನೆಯ ಸ್ಥಾನ ಪಡೆಯಿತು. ಗೆದ್ದದ್ದು ಇಂಗ್ಲಿಷ್ ಹಾಡು. ಇಂಗ್ಲಿಷ್ ಆದರೆ ಯೂರೋಪೆಲ್ಲ ಒಪ್ಪುತ್ತದೆ ಎಂದು ಲೆಕ್ಕವಿದ್ದಿರಬೇಕು. ಯೂರೋಪು ಒಪ್ಪಿತೇ? ಆ ಹಾಡಿಗೆ ಸಿಕ್ಕಿದ್ದು 21ನೇ ಸ್ಥಾನ!

ಆ ಸ್ಪರ್ಧೆಯ ಇತಿಹಾಸವೇ ಒಂದು ಪಾಠ. 1977ರಿಂದ 1998ರವರೆಗೆ ಪ್ರತಿ ದೇಶ ತನ್ನ ನುಡಿಯಲ್ಲೇ ಹಾಡಬೇಕೆಂಬ ನಿಯಮವಿತ್ತು. 1999ರಲ್ಲಿ ನಿಯಮ ತೆಗೆದರು. ದೇಶ ದೇಶಗಳು ಇಂಗ್ಲಿಷಿಗೆ ಮುಗಿಬಿದ್ದವು. ಹಾಗಿದ್ದೂ 2007ರಲ್ಲಿ ಸೆರ್ಬಿಯನ್ ಹಾಡು ಗೆದ್ದಿತು. 2017ರಲ್ಲಿ ಪೋರ್ಚುಗೀಸ್ ಹಾಡು ಗೆದ್ದಿತು. 1964ರಿಂದ ಸೋಲುತ್ತಲೇ ಬಂದಿದ್ದ ಪೋರ್ಚುಗಲ್ಲಿಗೆ ಮೊದಲ ಗೆಲುವು ಕೊಟ್ಟದ್ದು ತನ್ನ ನುಡಿಯೇ. 2021ರಲ್ಲಿ ಇಟಾಲಿಯನ್, 2022ರಲ್ಲಿ ಉಕ್ರೇನಿಯನ್. ಮಾತು ತಿಳಿಯದ ಕೋಟ್ಯಂತರ ಜನ ಹಾಡಿಗೆ ಮನಸೋತರು.

ಫ್ರಾನ್ಸಿನವರು ಇದನ್ನು ಬರೀ ನಂಬಿಕೆಗೆ ಬಿಡಲಿಲ್ಲ. 1994ರಲ್ಲಿ ಕಾನೂನು ಮಾಡಿ, 1996ರ ಜನವರಿಯಿಂದ ರೇಡಿಯೋದಲ್ಲಿ ಬರುವ ಹಾಡುಗಳಲ್ಲಿ ಶೇ. 40 ಫ್ರೆಂಚ್ ಇರಲೇಬೇಕೆಂದರು. ಅದರಲ್ಲೂ ಅರ್ಧ ಹೊಸಬರದು ಅಥವಾ ಹೊಸ ಹಾಡು ಆಗಿರಬೇಕು! ಹಳೆಯದನ್ನೇ ತಿರುಗಿಸಿ ಲೆಕ್ಕ ತೋರಿಸುವಂತಿಲ್ಲ. 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್.ಎಂ. ಬಂದಾಗ ಬೆಂಗಳೂರಿನ ಗಾಳಿಯಲ್ಲೇ ಕನ್ನಡ ಹಾಡು ಜಾಗ ಹುಡುಕಬೇಕಾದ ಕಾಲ ನಿಮಗೆ ನೆನಪಿರಬೇಕು. ಕೇಳುಗರು ಕೇಳಿದ ಮೇಲೆ, ಹೋರಾಟಗಾರರು ಬೀದಿಗಿಳಿದ ಮೇಲೆ ಗಾಳಿ ಬದಲಾಯಿತು. ನನ್ನ ಅಭಿಪ್ರಾಯ ಇಷ್ಟು: ಕಾನೂನು ಬಾಗಿಲು ತೆರೆಯಬಲ್ಲದು, ಒಳಗೆ ನಡೆದುಬರಬೇಕಾದದ್ದು ಹಾಡೇ. ಬಾಗಿಲೂ ಬೇಕು, ಹಾಡೂ ಬೇಕು.

ಕೆಳಮನೆಯ ಅಜ್ಜಿ

ಇಲ್ಲಿಯವರೆಗೆ ಓದಿದ ನೀವು ಬವೇರಿಯಾದವರನ್ನು ನೋಡಿ ಕಲಿಯಿರಿ ಎಂದು ನಾನು ಮುಗಿಸುತ್ತೇನೆಂದು ಎಣಿಸಿರಬಹುದು. ನಾನೂ ಹಲವು ವರ್ಷ ಹಾಗೇ ಹೇಳಿಕೊಂಡು ತಿರುಗಿದೆ. ನನ್ನ ಕಣ್ಣು ತೆರೆಸಿದವರು ನಮ್ಮ ಮನೆಯ ಕೆಳಗಿನ ಅಂತಸ್ತಿನ ಅಜ್ಜಿ.

ಎಂಬತ್ತು ದಾಟಿದ ಆಕೆ ರೈತರ ಮನೆಯ ಮಗಳು. ಆಡುವುದು ಅಪ್ಪಟ ಬವೇರಿಯನ್. ನಾನು ಪಾಠಶಾಲೆಯಲ್ಲಿ ಕಲಿತ ಜರ್ಮನ್ನಿಗೆ ಅದು ಅರ್ಧವೂ ಎಟುಕುವುದಿಲ್ಲ. ಆಲೂಗಡ್ಡೆಗೆ ಆಕೆಯ ಮಾತು 'ಮಣ್ಣಿನ ಸೇಬು'. ಒಂದು ಭಾನುವಾರ ಮೊಮ್ಮಕ್ಕಳು ಬಂದಿದ್ದರು. ಅಂದವಾದ ಡಿರ್ನ್‌ಡಲ್, ಪುಟ್ಟ ಚರ್ಮದ ಚಡ್ಡಿ. ಚಿತ್ರದಲ್ಲಿ ಬರೆದಂತಿದ್ದರು. ಆದರೆ ಅಜ್ಜಿ ಒಂದು ಹೇಳಿದರೆ ಮಕ್ಕಳು ಏನು ಎಂದು ಅಪ್ಪನ ಮುಖ ನೋಡುತ್ತಾರೆ. ಅಪ್ಪ ಅನುವಾದಿಸುತ್ತಾನೆ!

ಅವರು ಹೋದ ಮೇಲೆ ಅಜ್ಜಿ ನನಗೆಂದು ನಿಧಾನವಾಗಿ ಹೇಳಿದರು: "ನನ್ನ ಮೊಮ್ಮಕ್ಕಳು ಪುಸ್ತಕದ ಹಾಗೆ ಮಾತಾಡುತ್ತಾರೆ."

ಆಗ ನಾನು ಜಾಣನಂತೆ ಕೇಳಿದೆ: "ಹೊರಗಿನವರು ಬಹಳ ಬಂದರಲ್ಲ, ಅದರಿಂದ ಹೀಗಾಯಿತೇ?" ಬರ್ಲಿನ್ನಿನವರು, ಹ್ಯಾಂಬರ್ಗಿನವರು ಮ್ಯೂನಿಕ್ ತುಂಬಿದ್ದಾರೆಂದು ಇಲ್ಲೂ ಗೊಣಗುವವರಿದ್ದಾರೆ. ಅಜ್ಜಿ ತಲೆ ಅಲ್ಲಾಡಿಸಿದರು. "ಹೊರಗಿನವರು ನನ್ನ ಅಡುಗೆಮನೆಗೆ ಬಂದಿರಲಿಲ್ಲ. ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ನಾವೇ ಮಕ್ಕಳ ಹತ್ತಿರ ಮಾತು ಬದಲಾಯಿಸಿದೆವು."

ವಿಚಾರಿಸಿ ನೋಡಿದೆ. 2009ರ ಯುನೆಸ್ಕೋ ನಕ್ಷೆಯಲ್ಲಿ ಬವೇರಿಯನ್ ನುಡಿ ಅಪಾಯದ ಅಂಚಿನಲ್ಲಿರುವ ನುಡಿಗಳ ಸಾಲಿಗೆ ಸೇರಿದೆ. ಆಡುಮಾತು ಆಡುವ ಮಗು ದಡ್ಡ ಎಂಬ ಭಾವನೆ ಶಾಲೆಗಳಲ್ಲಿ ಬಹುಕಾಲ ಇತ್ತು. ಸರ್ಕಾರ ಎಚ್ಚೆತ್ತು ಆಡುನುಡಿಗಳ ಬಗ್ಗೆ ಮೇಷ್ಟ್ರುಗಳಿಗೆ ಕೈಪಿಡಿ ಹೊರಡಿಸಿದ್ದು 2006ರಲ್ಲಿ. 2012ರಲ್ಲಿ ಪಾಸೌ ಊರಿನ ಶಾಲೆಯೊಂದು ಉತ್ತರದ ಬಗೆಯ 'ಹಲೋ', 'ಚ್ಯೂಸ್' ಬೇಡ, ನಮ್ಮ ರೀತಿಯಲ್ಲಿ ನಮಸ್ಕಾರ ಹೇಳಿ ಎಂದು ಮಕ್ಕಳಿಗೆ ತಿಳಿಸಿ ದೇಶವೆಲ್ಲ ಸುದ್ದಿಯಾಯಿತು. ಒಳ್ಳೆಯದೇ. ಆದರೆ ಮ್ಯೂನಿಕ್ ಪಟ್ಟಣದ ಮಕ್ಕಳ ಬಾಯಿಂದ ಆ ನುಡಿ ಆಗಲೇ ಜಾರಿಹೋಗಿತ್ತು.

ಹೀಗೇಕಾಯಿತು? ಉಡುಪನ್ನು ಅಂಗಡಿಯಲ್ಲಿ ಕೊಳ್ಳಬಹುದು. ನುಡಿಯನ್ನು ಯಾವ ಅಂಗಡಿಯಲ್ಲಿ ಕೊಳ್ಳುವಿರಿ? ಉಡುಪನ್ನು ವರ್ಷಕ್ಕೆ ಎರಡು ವಾರ ತೊಟ್ಟು ಮಡಿಸಿಟ್ಟರೆ ಮುಂದಿನ ವರ್ಷವೂ ಹಾಗೇ ಇರುತ್ತದೆ. ನುಡಿಯನ್ನು ಮಡಿಸಿಟ್ಟರೆ ಮುಂದಿನ ತಲೆಮಾರಿಗೆ ಅದು ಇರುವುದಿಲ್ಲ. ಉಡುಪು ಉಳಿಯಿತು, ನುಡಿ ಹೋಯಿತು!

ಕನ್ನಡವನ್ನು ಬವೇರಿಯನ್ನಿನ ಜೊತೆ ನೇರ ತೂಗಲಾಗದು, ಬಲ್ಲೆ. ಅದು ಜರ್ಮನ್ನಿನ ಒಂದು ಆಡುನುಡಿ. ಕನ್ನಡಕ್ಕೆ ಲಿಪಿಯಿದೆ, ರಾಜ್ಯವಿದೆ, 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಮಕ್ಕಳಿದ್ದಾರೆ, ಎಂಟು ಜ್ಞಾನಪೀಠಗಳಿವೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದವು. ಮರುದಿನ ಇಲ್ಲಿನ ಸಹೋದ್ಯೋಗಿಯೊಬ್ಬರು ನನ್ನ ಕೈ ಕುಲುಕಿ "ನಿಮ್ಮ ಭಾಷೆಯ ಪುಸ್ತಕವಂತೆ, ಹೇಗಿದೆ?" ಎಂದರು. ಎದೆಯುಬ್ಬಿತು. ಆದರೆ ನಾನು ಆ ಕತೆಗಳನ್ನು ಓದಿರಲಿಲ್ಲ. ಎದೆಯುಬ್ಬಿಸುವುದಕ್ಕೆ ಮುಂದು, ಓದುವುದಕ್ಕೆ ಹಿಂದು! ಇದು ನನ್ನೊಬ್ಬನ ರೋಗವೇ?

ನನ್ನ ಮನೆಯ ಲೆಕ್ಕ

ಈಗ ನಿಜ ಹೇಳಬೇಕಾದ ಹೊತ್ತು. ನಮ್ಮ ಮಗಳಿಗೆ ಮೂರು ವರ್ಷವಾದಾಗ ಶಿಶುವಿಹಾರಕ್ಕೆ ಸೇರಿಸಿದೆವು. ಜರ್ಮನ್ ತಡವಾದೀತು ಎಂದು ಹೆದರಿ ನಾನೂ ನನ್ನ ಹೆಂಡತಿಯೂ ಮನೆಯಲ್ಲಿ ಅದನ್ನೇ ಆಡತೊಡಗಿದೆವು. ನಮ್ಮದು ಹರುಕು ಮುರುಕು ಜರ್ಮನ್. ನಮಗೆ ಚೆನ್ನಾಗಿ ಬರುವ ನುಡಿಯನ್ನು ಬಿಟ್ಟು, ಬಾರದ ನುಡಿಯಲ್ಲಿ ಮಗುವನ್ನು ಮುದ್ದಿಸಿದೆವು! ಹಬ್ಬಕ್ಕೆ ಮಗಳಿಗೆ ರೇಷ್ಮೆ ಲಂಗ ತೊಡಿಸಿದೆವು, ಫೋಟೋ ತೆಗೆದು ಊರಿಗೆ ಕಳಿಸಿದೆವು. ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡಿದೆವು. ಕೆಂಪು ಹಳದಿ ಶಾಲು ಹೊದ್ದೆವು, ಬಿಸಿಬೇಳೆಬಾತ್ ಉಂಡೆವು. ಮಕ್ಕಳಿಗೆ ತಿಳಿಯಲೆಂದು ನಿರೂಪಣೆ ಇಂಗ್ಲಿಷಿನಲ್ಲಿ ಮಾಡಿದೆವು. ಅಂದು ಯಾರಿಗೂ ನಗು ಬರಲಿಲ್ಲ. ನನಗೂ ಬರಲಿಲ್ಲ.

ನನ್ನ ತಾಯಿ ಊರಿನಲ್ಲಿದ್ದಾರೆ. ಪ್ರತಿ ಭಾನುವಾರ ಫೋನು. ಮಗಳು "ಚೆನ್ನಾಗಿದ್ದೀನಿ ಅಜ್ಜಿ" ಎಂದು ನನ್ನ ಕೈಗೆ ಫೋನು ಕೊಟ್ಟು ಓಡುತ್ತಿದ್ದಳು. ಅಷ್ಟೇ ಅವಳ ಕನ್ನಡ. ಒಂದು ಭಾನುವಾರ ಅಮ್ಮ ತಗ್ಗಿದ ದನಿಯಲ್ಲಿ ಕೇಳಿದರು: "ಮಗು ನನ್ನ ಮೇಲೆ ಮುನಿಸಿಕೊಂಡಿದೆಯೇನಪ್ಪ? ನಾನೇನಾದರೂ ಅಂದೆನೇ?"

ಏನು ಹೇಳಲಿ? ಮುನಿಸಿಲ್ಲಮ್ಮ, ಮಾತಿಲ್ಲ ಎನ್ನಲೇ? ಆ ಮಾತನ್ನು ಕಿತ್ತುಕೊಂಡವನು ನಿನ್ನ ಮಗನೇ ಎನ್ನಲೇ? ಆ ಕ್ಷಣ ಕೆಳಮನೆಯ ಅಜ್ಜಿಯ ಮಾತು ನೆನಪಾಯಿತು. ಹೊರಗಿನವರು ಯಾರೂ ನನ್ನ ಅಡುಗೆಮನೆಗೂ ಬಂದಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಕನ್ನಡ. ಎರಡು ವರ್ಷವಾಯಿತು. ಮಗಳಿಗೆ ಈಗ ಹನ್ನೊಂದು. ಮೊದಲು ಅತ್ತಳು, ರೇಗಿದಳು, ಮೂರು ದಿನ ಮಾತು ಬಿಟ್ಟಳು. ಈಗಲೂ ಕನ್ನಡದ ವಾಕ್ಯ ಶುರುಮಾಡಿ ಜರ್ಮನ್ನಿನಲ್ಲಿ ಮುಗಿಸುತ್ತಾಳೆ. ಳಕಾರ ಬಾಯಿಗೆ ಹತ್ತುವುದಿಲ್ಲ. ಆದರೆ ಕಳೆದ ಯುಗಾದಿಗೆ ಅಜ್ಜಿಯಿಂದ ಫೋನಿನಲ್ಲೇ ಕೇಳಿಕೊಂಡು ತಾಯಿಯ ಜೊತೆ ಒಬ್ಬಟ್ಟು ತಟ್ಟಿದಳು. ಹೂರಣ ಸೋರಿತು, ಒಬ್ಬಟ್ಟು ಹರಿಯಿತು. ನಲವತ್ತು ನಿಮಿಷ ಅಜ್ಜಿ ಮೊಮ್ಮಗಳು ಮಾತಾಡಿದರು. ಮಧ್ಯೆ ಅನುವಾದಕ ಇರಲಿಲ್ಲ. ಜರ್ಮನ್ನಿನಲ್ಲಿ ಅವಳು ತರಗತಿಯಲ್ಲಿ ಹಿಂದೆ ಬಿದ್ದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬಂಧುಗಳೇ, ನಾನು ಪರದೇಶದಲ್ಲಿ ಮಾಡಿದ ತಪ್ಪನ್ನು ನೀವು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೂತೇ ಮಾಡುತ್ತಿಲ್ಲ ತಾನೇ? ಮಗುವಿಗೆ ಇಂಗ್ಲಿಷ್ ಹಿಂದೆ ಬೀಳುತ್ತದೆಂದು ಹೆದರಿ ಅಪ್ಪ ಅಮ್ಮ ತಮ್ಮ ನುಡಿಯನ್ನೇ ಬದಲಾಯಿಸುವ ಮನೆಗಳು ನಮ್ಮ ನಾಡಿನಲ್ಲಿಲ್ಲವೇ? ನಾಮಫಲಕಕ್ಕೆ ಹೋರಾಡೋಣ, ರೇಡಿಯೋಗೆ ಹೋರಾಡೋಣ, ಉದ್ಯೋಗಕ್ಕೆ ಹೋರಾಡೋಣ. ಅವೆಲ್ಲ ಬೀದಿಯ ಕೆಲಸ. ಆದರೆ ಅಡುಗೆಮನೆಯಲ್ಲಿ ಸೋತವನು ಬೀದಿಯಲ್ಲಿ ಗೆದ್ದು ಏನು ಫಲ?

ನವೆಂಬರ್ ಒಂದರಂದು ಶಾಲು ಹೊದೆಯಿರಿ, ಬಾವುಟ ಏರಿಸಿ, ನಾನೂ ಇಲ್ಲಿ ಏರಿಸುತ್ತೇನೆ. ನವೆಂಬರ್ ಎರಡರ ಬೆಳಿಗ್ಗೆ ಶಾಲು ಮಡಿಸಿಟ್ಟ ಮೇಲೆ ಮಗುವನ್ನು ಯಾವ ನುಡಿಯಲ್ಲಿ ಎಬ್ಬಿಸುತ್ತೀರಿ? ನಿಮ್ಮ ಮನೆಯ ಅಜ್ಜಿಯನ್ನು ಕೇಳಿ, ಸರಿಯಾದ ಉತ್ತರ ಅವರಿಗೆ ಗೊತ್ತಿರುತ್ತದೆ.